ಹಾಲಿನ ಕ್ಯಾನಿನಲ್ಲಿ ಬಂದ ರಕ್ತ: ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್

ನಮ್ಮ ದೊಡ್ಡಮ್ಮನಿಗೆ ಹೃದಯದ ಕವಾಟ ಬದಲಾಯಿಸಿದ ಮೇಲೆ ದಿನವೂ ವಾರ್ಫರಿನ್ ಎಂಬ ಪುಟ್ಟ ಮಾತ್ರೆ ನುಂಗಲೇಬೇಕು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ. ಈ ಮಾತ್ರೆಯ ಚರಿತ್ರೆ ಹುಡುಕಲು ಹೋದ ನನಗೆ ಸಿಕ್ಕಿದ್ದು ಒಬ್ಬ ರೈತ, ಒಂದು ಸತ್ತ ಕಡಸು ಮತ್ತು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ. ದನಕರು ಸಾಕುವ ನಮ್ಮೂರಿನವರಿಗೆ ಇದನ್ನು ಹೇಳಬೇಕೆನಿಸಿತು.

ಲಿಂಕ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ತಂದೆ ಚರ್ಚಿನ ಪಾದ್ರಿ, ಮನೆತುಂಬ ಮಕ್ಕಳು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ರಸಾಯನಶಾಸ್ತ್ರ ಓದಿ, 1925ರಲ್ಲಿ ಡಾಕ್ಟರೇಟ್ ಪಡೆದು ಯುರೋಪಿಗೆ ಹೋದರು. ಅಲ್ಲಿ ಕ್ಷಯರೋಗ ತಗುಲಿತು. ಚೇತರಿಸಿಕೊಂಡು ಮರಳಿ, ತಾವು ಓದಿದ ವಿಶ್ವವಿದ್ಯಾಲಯದಲ್ಲೇ ಅಧ್ಯಾಪಕರಾದರು.

1933ರ ಫೆಬ್ರವರಿಯ ಒಂದು ಶನಿವಾರ. ಹೊರಗೆ ಹಿಮ ಸುರಿಯುತ್ತಿತ್ತು. ಎಡ್ ಕಾರ್ಲ್ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದಿದ್ದ. ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದ ಕಟ್ಟಡ ಲಿಂಕ್ ಅವರದು. ಅವನ ಜೊತೆ ಇದ್ದದ್ದು ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಮತ್ತು ಸುಮಾರು 45 ಕಿಲೋ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಒಣಮೇವು. ಹಟ್ಟಿಯಲ್ಲಿ ಒಂದೊಂದೇ ದನ ರಕ್ತ ಸೋರಿ ಸಾಯುತ್ತಿತ್ತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಬೇರೆ ಮೇವು ಕೊಳ್ಳಲು ಅವನಲ್ಲಿ ಹಣವಿರಲಿಲ್ಲ.

ಕೆಟ್ಟ ಮೇವೇ ಈ ರೋಗಕ್ಕೆ ಕಾರಣವೆಂದು ಕೆನಡಾದ ಪಶುವೈದ್ಯ ಸ್ಕೋಫೀಲ್ಡ್ ಹತ್ತು ವರ್ಷ ಮೊದಲೇ ಕಂಡುಕೊಂಡಿದ್ದರು. ಆದರೆ ಮೇವಿನಲ್ಲಿರುವ ವಿಷ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಆ ಮೇವು ಹಾಕುವುದನ್ನು ನಿಲ್ಲಿಸು ಎನ್ನುವುದರ ಹೊರತು ಹೆಚ್ಚೇನನ್ನೂ ಲಿಂಕ್ ಹೇಳಲಾರದವರಾಗಿದ್ದರು. ರೈತ ಹಿಮದಲ್ಲೇ ಹಿಂದಿರುಗಿದ. ಅವನನ್ನು ಬರಿಗೈಯಲ್ಲಿ ಕಳಿಸಿದ ಸಂಕಟ ಲಿಂಕ್ ಮತ್ತು ಅವರ ಸಹಾಯಕ ಶೋಫೆಲ್ ಅವರನ್ನು ಬಿಡಲಿಲ್ಲ. ಅಂದೇ ಕೆಲಸ ಶುರುವಾಯಿತು.

ಆರು ವರ್ಷ ಹಿಡಿಯಿತು. 1939ರ ಜೂನ್‌ನಲ್ಲಿ ಶಿಷ್ಯ ಕ್ಯಾಂಪ್‌ಬೆಲ್ ಅವರಿಗೆ ಆ ವಸ್ತುವಿನ ಶುದ್ಧ ಹರಳು ದೊರೆಯಿತು. ಒಣಹುಲ್ಲಿಗೆ ಸಿಹಿ ಪರಿಮಳ ಕೊಡುವುದು ಕೂಮರಿನ್. ಮೇವಿಗೆ ಬೂಷ್ಟು ಬಂದಾಗ ಅದರಿಂದಲೇ ಡೈಕೂಮರಾಲ್ ಎಂಬ ಈ ವಿಷ ಹುಟ್ಟುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ಸಿದ್ಧಪಡಿಸುವುದು ವಿಟಮಿನ್ ಕೆ ನೆರವಿನಿಂದ. ಡೈಕೂಮರಾಲ್ ಆ ನೆರವಿಗೆ ಅಡ್ಡಬರುತ್ತದೆ. ವಿಟಮಿನ್ ಕೆ ಕೊಟ್ಟರೆ ಇದರ ಪರಿಣಾಮ ಇಳಿಯುತ್ತದೆ ಎಂಬುದನ್ನೂ ಲಿಂಕ್ ತಂಡ ತೋರಿಸಿತು. ವೈದ್ಯರಿಗೆ ಧೈರ್ಯ ಬಂದದ್ದು ಇದರಿಂದ. ದನ ಕೊಂದ ವಿಷ ಅಳತೆಯಲ್ಲಿ ಕೊಟ್ಟಾಗ ರಕ್ತನಾಳ ಕಟ್ಟಿಕೊಂಡ ರೋಗಿಗೆ ಔಷಧವಾಯಿತು.

1945ರಲ್ಲಿ ಕ್ಷಯ ಮರುಕಳಿಸಿ ಲಿಂಕ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಮಲಗಿದ್ದಲ್ಲೇ ಇಲಿ ನಿಯಂತ್ರಣದ ಚರಿತ್ರೆ ಓದುತ್ತಾ, ತಮ್ಮ ಪ್ರಯೋಗಾಲಯದ ವಸ್ತುಗಳಲ್ಲೊಂದು ಒಳ್ಳೆಯ ಇಲಿ ಪಾಷಾಣವಾಗಬಹುದೆಂದು ಯೋಚಿಸಿದರು. ನಿಧಾನವಾಗಿ ಕೆಲಸ ಮಾಡುವ ಪಾಷಾಣದ ಮೇಲೆ ಇಲಿಗೆ ಅನುಮಾನ ಬರುವುದಿಲ್ಲ. ಪಟ್ಟಿಯ 42ನೇ ವಸ್ತು ಆಯ್ಕೆಯಾಗಿ 1948ರಲ್ಲಿ ಮಾರುಕಟ್ಟೆಗೆ ಬಂತು. ಅದೇ ವಾರ್ಫರಿನ್. 1954ರಲ್ಲಿ ಅದು ಮನುಷ್ಯರ ಔಷಧವೂ ಆಯಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು. ಲಿಂಕ್ 1978ರಲ್ಲಿ ತೀರಿಕೊಂಡರು.

ಈ ಔಷಧಕ್ಕೆ ಎಚ್ಚರ ಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚಿರುವುದರಿಂದ ಒಂದು ದಿನ ರಾಶಿ ಸೊಪ್ಪು, ಇನ್ನೊಂದು ದಿನ ಏನೂ ಇಲ್ಲ ಎನ್ನುವಂತಿಲ್ಲ. ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಲೇಬೇಕು. ಬಸ್ಸಾರು ಬಿಡದ ನಮ್ಮ ದೊಡ್ಡಮ್ಮನಿಗೆ ಇದನ್ನು ಒಪ್ಪಿಸಲು ಮನೆಯವರೆಲ್ಲ ಸಾಕಾಗಿದ್ದೇವೆ.

ಕೊನೆಗೆ ಒಂದು ಮಾತು. ವಾರ್ಫರಿನ್ ಹೆಸರಿನ ಮೊದಲರ್ಧ ‘ವಾರ್ಫ್’. ಅದು ಸಂಶೋಧನೆಗೆ ಹಣ ಕೊಟ್ಟ ಸಂಸ್ಥೆಯ ಹೆಸರಿನ ಮೊದಲಕ್ಷರಗಳು: ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ. ದೊಡ್ಡಮ್ಮ ನುಂಗುವ ಮಾತ್ರೆಯ ಹೆಸರಿನಲ್ಲಿ ಯಾವುದೋ ದೂರದ ಊರಿನ ಹಳೆಯ ವಿದ್ಯಾರ್ಥಿಗಳಿದ್ದಾರೆ. ನಾವೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಇಲ್ಲಿನ ವಿಜ್ಞಾನ ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನಾದರೂ ಕೊಡಿಸೋಣ.