ಫರ್ಡಿನೆಂಡ್ ಕಿಟ್ಟೆಲ್ : ಪ್ರೀತಿಯ ಒಂದು ಕಾಣಿಕೆ

ಡಿಸೆಂಬರ್ ಮಾಸ ಬಂತೆಂದರೆ ನಮ್ಮ ಚೆನ್ನೈ ನಗರದ ಬೀದಿಗಳಲ್ಲಿ ನಕ್ಷತ್ರದೀಪಗಳು ತೂಗತೊಡಗುತ್ತವೆ. ಸಾಂಥೋಮಿನ ಇಗರ್ಜಿಗೆ ಜನ ತಂಡತಂಡವಾಗಿ ಸಾಗುತ್ತಾರೆ. ಕ್ರೈಸ್ತ ಗೆಳೆಯರ ಮನೆಗಳಿಂದ ನಮ್ಮ ಮನೆಗಳಿಗೂ ಸಿಹಿತಿಂಡಿ ಬರುತ್ತದೆ. ದೀಪ, ಗೀತ, ತಿಂಡಿಗಳೆಲ್ಲ ಹಬ್ಬದ ಹೊರಗಿನ ಸೊಬಗು. ಅದರ ಒಳಗಿನ ತಿರುಳೇನೆಂಬುದನ್ನು ಅರಿಯಲು, ಕನ್ನಡ ಮಕ್ಕಳಾದ ನಾವು ಕನ್ನಡಕ್ಕೆ ಮಹೋಪಕಾರ ಮಾಡಿದ ಒಬ್ಬ ಮಹನೀಯರ ಬಾಳನ್ನು ನೋಡಿದರೆ ಸಾಕು. ಅವರೇ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್.

ದೇವರು ಮನುಷ್ಯರ ಮೇಲಿನ ಪ್ರೀತಿಯಿಂದ ತನ್ನ ನೆಲೆಯನ್ನು ಬಿಟ್ಟು, ಒಂದು ಬಡ ಸಂಸಾರದಲ್ಲಿ ಶಿಶುವಾಗಿ ಅವತರಿಸಿದನೆಂಬುದು ಕ್ರೈಸ್ತರ ನಂಬಿಕೆ. ಆ ಶಿಶುವಿಗೆ ಛತ್ರದಲ್ಲಿ ಸ್ಥಳ ದೊರೆಯಲಿಲ್ಲ; ದನಗಳ ಗೋದಲಿಯೇ ತೊಟ್ಟಿಲಾಯಿತು. ಪ್ರೀತಿಯುಳ್ಳವನು ದೂರದಲ್ಲಿ ನಿಂತು ಹರಸುವುದಿಲ್ಲ, ತಾನೇ ಬಳಿಗೆ ಬರುತ್ತಾನೆ ಎಂಬುದೇ ಈ ಹಬ್ಬದ ಹೃದಯ. ಕಿಟ್ಟೆಲರ ಜೀವನ ಈ ಮಾತಿಗೆ ಒಂದು ಭಾಷ್ಯದಂತಿದೆ.

ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್‌ಲೆಂಡ್ ಪ್ರಾಂತದ ರೆಸ್ಟರ್‌ಹಾಫ್ ಎಂಬ ಹಳ್ಳಿಯಲ್ಲಿ 1832ರ ಏಪ್ರಿಲ್ ತಿಂಗಳಲ್ಲಿ ಕಿಟ್ಟೆಲರು ಜನಿಸಿದರು. ತಂದೆಯವರು ಧರ್ಮಬೋಧಕರು. ಮನೆಯೇ ಭಕ್ತಿಯ ಮೊದಲ ಪಾಠಶಾಲೆಯಾಯಿತು. ಬಾಲ್ಯದಲ್ಲೇ ಹಲವು ಭಾಷೆಗಳನ್ನು ಅಭ್ಯಾಸಮಾಡಿದ ಅವರು, 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ವಿದ್ಯಾಶಾಲೆಯನ್ನು ಸೇರಿ, 1853ರಲ್ಲಿ ನಮ್ಮ ದೇಶಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಕಿಟ್ಟೆಲರು ಬಂದುದು ಮತಪ್ರಚಾರಕ್ಕಾಗಿ. ಅದನ್ನು ನಾವು ಮರೆಮಾಡಬೇಕಾಗಿಲ್ಲ. ಆದರೆ ಪರರಿಗೆ ಏನನ್ನಾದರೂ ಹೇಳಬೇಕಾದರೆ ಮೊದಲು ಅವರ ಮಾತನ್ನು ಮನಸ್ಸಿಟ್ಟು ಆಲಿಸಬೇಕೆಂದು ಅವರು ಬಗೆದರು. ಜನರೊಡನೆ ಬೆರೆತರು, ಅವರ ನಡೆನುಡಿಗಳನ್ನು ಕಲಿತರು, ಹಳಗನ್ನಡದ ಓಲೆಗರಿಗಳನ್ನು ಓದಿದರು. 1862ರಲ್ಲಿ ಪ್ರಕಟವಾದ ಅವರ ‘ಕಥಾಮಾಲೆ’ ಯೇಸುಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲೇ ಹಾಡಿದ ಕಾವ್ಯ. ಬೆತ್ಲೆಹೇಮಿನ ಶಿಶು ಕನ್ನಡದ ತೊಟ್ಟಿಲಲ್ಲಿ ಮಲಗಿದಂತಾಯಿತು!

ಅವರ ಸಂಸಾರಸುಖವಾದರೋ ಅಲ್ಪಕಾಲದ್ದು. 1860ರಲ್ಲಿ ಪೌಲಿನೆ ಐತ್ ಎಂಬಾಕೆಯೊಡನೆ ವಿವಾಹವಾಗಿತ್ತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ತಾಯಿಯಿಲ್ಲದ ಎಳೆಯ ಮಕ್ಕಳು, ಪರದೇಶದ ವಾಸ, ಮುಗಿಯದ ಕೆಲಸ! ಆಗ ಆ ಮನೆಗೆ ಆಸರೆಯಾಗಿ ಬಂದವರು ಪೌಲಿನೆಯ ಸಹೋದರಿ ಜೂಲಿ. 1867ರಲ್ಲಿ ಕಿಟ್ಟೆಲರನ್ನು ವರಿಸಿ, ಒಡಹುಟ್ಟಿದವಳ ಮಕ್ಕಳಿಗೆ ಆಕೆ ತಾಯಿಯಾದರು. ನಂಬಿಕೆಯೆಂಬುದು ದೇವಾಲಯದಲ್ಲಿ ಮಾತ್ರವಲ್ಲ, ಇಂತಹ ಮನೆಗಳಲ್ಲಿಯೂ ಬೆಳಗುತ್ತದೆ.

ಕನ್ನಡಕ್ಕೆ ಒಂದು ಪರಿಪೂರ್ಣವಾದ ನಿಘಂಟನ್ನು ರಚಿಸುವುದು ಅವರು ಹೊತ್ತ ಮಹಾಕಾರ್ಯ. ಅದಕ್ಕೆ ಪೂರ್ವಸಿದ್ಧತೆಯೋ ಎಂಬಂತೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚುಹಾಕಿಸಿದರು. 1877ರಲ್ಲಿ ಜರ್ಮನಿಗೆ ಹಿಂದಿರುಗಿದರೂ ಕೆಲಸ ಅವರನ್ನು ಬಿಡಲಿಲ್ಲ. ಜರ್ಮನಿಯಲ್ಲಿ ಕುಳಿತು ಕನ್ನಡದ ಜೀವಂತ ನುಡಿಯನ್ನು ಸಂಗ್ರಹಿಸುವುದೆಂತು? 1883ರಲ್ಲಿ ಹೆಂಡತಿಮಕ್ಕಳನ್ನು ತಾಯ್ನಾಡಿನಲ್ಲೇ ಬಿಟ್ಟು, ಅವರು ಒಬ್ಬರೇ ಮತ್ತೆ ಕನ್ನಡನಾಡಿಗೆ ಬಂದರು. ಆಗ ಅವರಿಗೆ ಐವತ್ತು ಕಳೆದಿತ್ತು. 1892ರವರೆಗೂ ಇಲ್ಲಿಯೇ ದುಡಿದರು.

ಬಾಲಮಿತ್ರರೆ, ಇಲ್ಲಿ ಕ್ಷಣಕಾಲ ನಿಂತು ಯೋಚಿಸೋಣ. ಜರ್ಮನಿಯಲ್ಲಿ ಡಿಸೆಂಬರ್ 24ರ ರಾತ್ರಿ ಮನೆಯವರೆಲ್ಲರೂ ಒಂದುಗೂಡುವ ರಾತ್ರಿ. ಹಸಿರು ಮರಕ್ಕೆ ಮೇಣದ ದೀಪಗಳನ್ನಿಟ್ಟು, ಒಟ್ಟಾಗಿ ಹಾಡಿ, ಕಾಣಿಕೆಗಳನ್ನು ಹಂಚಿಕೊಳ್ಳುತ್ತಾರೆ. ಆ ವರ್ಷಗಳಲ್ಲಿ ಕಿಟ್ಟೆಲರ ಮನೆಯ ಹಬ್ಬ ತಂದೆಯಿಲ್ಲದೆ ಕಳೆಯಿತು. ತಂದೆ ಸಾಗರದಾಚೆ ಶಬ್ದಗಳ ರಾಶಿಯ ನಡುವೆ ಇದ್ದರು. ಕಣ್ಣಿನ ಶಕ್ತಿ ಕುಂದುತ್ತಿತ್ತು. ತ್ಯಾಗವೆಂದರೆ ಕಿಟ್ಟೆಲರೊಬ್ಬರ ತ್ಯಾಗವೇ? ಗಂಡನನ್ನು ಕಳುಹಿಸಿಕೊಟ್ಟ ಮಡದಿಯದೂ, ತಂದೆಯ ದಾರಿ ಕಾದ ಮಕ್ಕಳದೂ ಅಲ್ಲವೆ? ನಮ್ಮ ಭಾಷೆಗೆ ಸಂದ ಕಾಣಿಕೆಯ ಬೆಲೆಯನ್ನು ಆ ಕುಟುಂಬವೆಲ್ಲ ತೆತ್ತಿತು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಶಬ್ದಗಳು. 1,700ಕ್ಕೂ ಮಿಕ್ಕ ಪುಟಗಳು. ಹಳೆಯ ಕವಿಗಳ ಕಾವ್ಯಗಳ ಶಬ್ದಗಳಂತೆಯೇ ಹಳ್ಳಿಗರ ಗಾದೆಗಳಿಗೂ ಅದರಲ್ಲಿ ಮನ್ನಣೆ ದೊರೆತಿದೆ. ಕನ್ನಡ ಶಬ್ದದ ಪಕ್ಕದಲ್ಲಿ ಅದರ ಒಡಹುಟ್ಟುಗಳಾದ ತಮಿಳು, ತೆಲುಗು, ಮಲಯಾಳ, ತುಳು ಶಬ್ದಗಳನ್ನೂ ಇಟ್ಟಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮಗೆ ಆ ಪುಟಗಳು ಒಂದೇ ಸಂಸಾರದ ಭಾವಚಿತ್ರದಂತೆ ತೋರುತ್ತವೆ. ನಮ್ಮ ನಗರಕ್ಕೂ ಆ ಗ್ರಂಥಕ್ಕೂ ನಂಟುಂಟು: ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದುದು ಮದರಾಸು ವಿಶ್ವವಿದ್ಯಾನಿಲಯವೇ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗೆನ್ ಪಟ್ಟಣದಲ್ಲಿ ಆ ಕರ್ಮಯೋಗಿ ಕಣ್ಮುಚ್ಚಿದರು.

ಕಿಟ್ಟೆಲರು ನಮ್ಮ ಮತದವರಾಗಿರಲಿ, ಬೇರೆ ಮತದವರಾಗಿರಲಿ, ಅವರ ನಂಬಿಕೆ ಪ್ರೀತಿಯಾಗಿ, ಆ ಪ್ರೀತಿ ದುಡಿಮೆಯಾಗಿ ನಮ್ಮ ಕೈ ಸೇರಿದೆ. ಕ್ರಿಸ್ತಜಯಂತಿಯ ನಕ್ಷತ್ರದೀಪ ಈ ವರ್ಷವೂ ನಮ್ಮ ಬೀದಿಗಳಲ್ಲಿ ಹೊಳೆಯುವಾಗ, ಶಾಲೆಯ ಪುಸ್ತಕಭಂಡಾರದಲ್ಲಿ ನಿಘಂಟನ್ನು ತೆರೆದು, ನಮಗೆ ತಿಳಿಯದ ಒಂದು ಕನ್ನಡ ಶಬ್ದದ ಅರ್ಥವನ್ನು ಹುಡುಕಿ ಕಲಿಯೋಣ. ಆ ಮಹನೀಯರಿಗೂ, ಅವರನ್ನು ನಮಗೆ ಬಿಟ್ಟುಕೊಟ್ಟ ಆ ಮನೆಯವರಿಗೂ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದೇ.