ಸಸ್ಯಗಳ ಲಿಪಿಯನ್ನು ಓದಿದ ಮಹನೀಯ: ಜಗದೀಶಚಂದ್ರ ಬೋಸ್

ಮಣ್ಣು, ನೀರು, ಬೆಂಕಿ, ಗಾಳಿಗಳಂತೆ ವನಸ್ಪತಿಯೂ ಸ್ಪರ್ಶವೊಂದನ್ನೇ ಇಂದ್ರಿಯವಾಗಿ ಉಳ್ಳ ಸ್ಥಾವರ ಜೀವವೆಂದು ಜಿನಾಗಮವು ಸಾರಿದೆ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ತಮಿಳು, ತುಳು, ಗುಜರಾತಿಯಿರಲಿ, ಅಷ್ಟಮಿ ಚತುರ್ದಶಿಗಳಂದು ಹಸಿರು ಕಾಯಿಪಲ್ಯವನ್ನು ತ್ಯಜಿಸುವ, ಕಂದಮೂಲಗಳನ್ನು ವರ್ಜಿಸುವ ನಮ್ಮ ಮನೆಗಳ ಆಚಾರಕ್ಕೆ ಈ ಅರಿವೇ ತಳಹದಿ. ಜೈನಕುಲದಲ್ಲಿ ಜನಿಸದೆ, ಪ್ರಯೋಗಶಾಲೆಯ ಮಾರ್ಗದಿಂದ ಸಸ್ಯದ ಸ್ಪಂದನವನ್ನು ಅರಸಿದ ಜಗದೀಶಚಂದ್ರ ಬೋಸರ ಜೀವನವು ಆದ್ದರಿಂದಲೇ ನಮಗೆ ಮನನೀಯವಾಗಿದೆ.

ಬೋಸರು 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರದ ಅಧಿಕಾರಿಗಳಾಗಿದ್ದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಕಳುಹಿಸದೆ ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಮಾತೃಭಾಷೆಯನ್ನೂ ತನ್ನ ಜನರನ್ನೂ ಅರಿತ ಬಳಿಕವೇ ಪರಭಾಷೆ ಎಂಬುದು ಅವರ ನಿಲುವು. ಅಲ್ಲಿ ಬೆಸ್ತರ ಮಗನೂ ಮನೆಯ ಸೇವಕನ ಮಗನೂ ಬಾಲಕನ ಸಹಪಾಠಿಗಳು. ಅವರಿಂದ ಕೇಳಿದ ಪಶು, ಪಕ್ಷಿ, ಜಲಚರಗಳ ಕಥೆಗಳು ಅವನಲ್ಲಿ ಪ್ರಕೃತಿಯ ಬಗೆಗೆ ಅಳಿಯದ ಕುತೂಹಲವನ್ನು ಬಿತ್ತಿದವು.

ಕಲ್ಕತ್ತೆಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿಯೂ ಕೇಂಬ್ರಿಜ್‌ನಲ್ಲಿಯೂ ವ್ಯಾಸಂಗ ಮುಗಿಸಿ, 1885ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಯುರೋಪಿಯನ್ನರಿಗೆ ಸಲ್ಲುವ ವೇತನದ ಮೂರರಲ್ಲಿ ಒಂದು ಪಾಲನ್ನು ಮಾತ್ರ ಅವರಿಗೆ ನಿಗದಿಪಡಿಸಲಾಯಿತು. ಬೋಸರು ಜಗಳಕ್ಕೆ ನಿಲ್ಲಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ. ಮೂರು ವರ್ಷಗಳ ಕಾಲ ವೇತನವನ್ನೇ ಮುಟ್ಟದೆ ಕರ್ತವ್ಯ ನಿರ್ವಹಿಸಿದರು. ಕೊನೆಗೆ ಸರಕಾರವು ಪೂರ್ಣ ವೇತನವನ್ನು ಹಿಂದಿನ ಬಾಕಿಯೊಡನೆ ನೀಡಿತು. ಆ ಹಣದಿಂದ ಅವರು ತಂದೆಯ ಸಾಲವನ್ನು ತೀರಿಸಿದರು.

1894ರಿಂದ ಅವರು ವಿದ್ಯುತ್ ತರಂಗಗಳ ಸಂಶೋಧನೆಯಲ್ಲಿ ತೊಡಗಿದರು. ತರಂಗಗಳನ್ನು ಗ್ರಹಿಸುವ ಲೋಹದ ಉಪಕರಣವು ಸತತ ಬಳಕೆಯಿಂದ ದಣಿದಂತೆ ಮಂದವಾಗಿ, ವಿಶ್ರಾಂತಿಯ ಬಳಿಕ ಚೇತರಿಸಿಕೊಳ್ಳುವುದನ್ನು ಕಂಡ ಬೋಸರ ದೃಷ್ಟಿ ಜೀವಿಗಳತ್ತ ತಿರುಗಿತು. ಲೋಹ, ಸಸ್ಯ, ಪ್ರಾಣಿ ಮೂರೂ ಪ್ರಚೋದನೆಗೆ ಹೋಲುವ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆಂದು 1901ರಲ್ಲಿ ಅವರು ಲಂಡನ್ನಿನ ವಿದ್ವತ್ಸಭೆಗಳ ಮುಂದೆ ಪ್ರತಿಪಾದಿಸಿದರು. ಶರೀರಶಾಸ್ತ್ರದ ಹಿರಿಯರು ವಿರೋಧಿಸಿದ್ದರಿಂದ ರಾಯಲ್ ಸೊಸೈಟಿಯು ಆ ಪ್ರಬಂಧವನ್ನು ಪ್ರಕಟಿಸದೆ ಉಳಿಸಿತು. ಬೋಸರು ಹಿಂಜರಿಯಲಿಲ್ಲ. ವಾದದಿಂದ ಒಪ್ಪಿಸಲಾಗದುದನ್ನು ಸಸ್ಯದ ಸಾಕ್ಷ್ಯದಿಂದಲೇ ಒಪ್ಪಿಸಬೇಕೆಂದು ನಿಶ್ಚಯಿಸಿದರು.

ಸಸ್ಯಕ್ಕೆ ಮಾತಿಲ್ಲ, ಆದರೆ ಬರೆಯಲು ಅವಕಾಶವಿತ್ತರೆ ಅದು ಬರೆಯಬಲ್ಲದು. ಈ ನಂಬಿಕೆಯಿಂದ ಅವರು ಭಾರತೀಯ ಕುಶಲಕರ್ಮಿಗಳ ನೆರವಿನೊಡನೆ ಅತಿ ಸೂಕ್ಷ್ಮ ಯಂತ್ರಗಳನ್ನು ನಿರ್ಮಿಸಿದರು. ಮುಟ್ಟಿದರೆ ಮುನಿಯ ಎಲೆ ಮುದುಡುವಾಗ, ಮಸಿ ಹಿಡಿಸಿದ ಗಾಜಿನ ಫಲಕದ ಮೇಲೆ ಚುಕ್ಕಿಗಳ ಸಾಲು ತಾನಾಗಿ ಮೂಡುತ್ತಿತ್ತು. ಕ್ರೆಸ್ಕೋಗ್ರಾಫ್ ಎಂಬ ಯಂತ್ರವು ಕಣ್ಣಿಗೆ ಕಾಣದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಈ ಪ್ರಯೋಗಗಳಲ್ಲಿ ಗಿಡಗಳನ್ನು ಚುಚ್ಚುವುದೂ ವಿಷಕ್ಕೆ ಒಡ್ಡುವುದೂ ಇತ್ತೆಂಬುದನ್ನು ಅಹಿಂಸಾವ್ರತಿಗಳಾದ ನಾವು ಮರೆಮಾಚಬೇಕಾಗಿಲ್ಲ.

ಅವರ ಸತ್ಯನಿಷ್ಠೆಗೆ ಫರೀದಪುರದ ಈಚಲು ಮರವೇ ನಿದರ್ಶನ. ಸಂಜೆ ದೇಗುಲದ ಗಂಟೆ ಮೊಳಗುವ ಹೊತ್ತಿಗೆ ನೆಲಕ್ಕೆ ಬಾಗಿ, ಬೆಳಗ್ಗೆ ಮತ್ತೆ ತಲೆಯೆತ್ತುತ್ತಿದ್ದ ಆ ಮರವು ದೇವರಿಗೆ ನಮಿಸುತ್ತಿದೆಯೆಂದು ಭಾವಿಸಿ ಜನರು ಕಾಣಿಕೆ ಸಲ್ಲಿಸುತ್ತಿದ್ದರು. ಯಂತ್ರವನ್ನು ಅಳವಡಿಸಲು ಮರದ ಒಡೆಯನು ಮೊದಲು ಒಪ್ಪಲಿಲ್ಲ. ಯಂತ್ರವು ವಿದೇಶದ್ದಲ್ಲ, ಅದನ್ನು ಜೋಡಿಸುವವನು ಪುರೋಹಿತರ ಮಗ ಎಂದು ತಿಳಿದ ಬಳಿಕವೇ ಸಮ್ಮತಿಸಿದನು. ಹಗಲಿರುಳು ನಡೆದ ದಾಖಲೆಯಿಂದ ಮರವು ಒಂದು ಕ್ಷಣವೂ ನಿಶ್ಚಲವಾಗಿಲ್ಲವೆಂದು ತಿಳಿಯಿತು. ಉಷ್ಣತೆ ಏರಿದಂತೆ ಬಾಗುತ್ತಿತ್ತು, ಇಳಿದಂತೆ ಏಳುತ್ತಿತ್ತು. ಮರವು ಓಗೊಟ್ಟದ್ದು ಗಂಟೆಗಲ್ಲ, ಬಿಸಿಲಿಗೆ. ಪವಾಡವು ಇಲ್ಲವಾಯಿತು, ಆದರೆ ನಿರ್ಜೀವ ಕಂಬದಂತೆ ಕಾಣುವ ಮರವು ಸದಾ ಸ್ಪಂದಿಸುತ್ತಿದೆಯೆಂಬ ಸತ್ಯವು ಉಳಿಯಿತು.

1917ರಲ್ಲಿ ತಮ್ಮ ಜನ್ಮದಿನದಂದು ಅವರು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ಸ್ಥಾಪಿಸಿದರು. ಹಿಂದೆ ಪ್ರಬಂಧವನ್ನು ತಡೆದಿದ್ದ ರಾಯಲ್ ಸೊಸೈಟಿಯೇ 1920ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1921ರಲ್ಲಿ ಪ್ರಕಟವಾದ ಅವರ ಬಂಗಾಳಿ ಲೇಖನಗಳ ಸಂಗ್ರಹದ ಹೆಸರು ‘ಅವ್ಯಕ್ತ’.

ಆಗಮದ ವಚನವನ್ನು ಬೋಸರು ಸಿದ್ಧಪಡಿಸಿದರೆಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಇದು ವಿಚಾರಾರ್ಹ. ಅವರು ಅಳೆದದ್ದು ಪ್ರತಿಕ್ರಿಯೆಯನ್ನು. ಅದು ತವರದ ತಂತಿಯಲ್ಲಿಯೂ ಅವರಿಗೆ ಕಂಡಿತ್ತು. ಬೆಂಕಿಯಲ್ಲಿ ಕಾಸಿದ ಲೋಹವಾದರೋ ನಮ್ಮ ಮತದಂತೆ ಅಚಿತ್ತ. ಉಪಯೋಗಲಕ್ಷಣನಾದ ಜೀವನು ಯಂತ್ರದ ಅಳತೆಗೆ ಸಿಕ್ಕುವವನಲ್ಲ. ಮರದೊಳಗೆ ನೀರು ಮೇಲೇರುವ ಬಗೆಗೆ ಬೋಸರು ನೀಡಿದ ವಿವರಣೆಯನ್ನು ಇಂದಿನ ಸಸ್ಯಶಾಸ್ತ್ರವು ಒಪ್ಪುವುದಿಲ್ಲ. ಸಸ್ಯಗಳಿಗೆ ಮಿದುಳಾಗಲಿ ನರಗಳಾಗಲಿ ಇಲ್ಲ. ಆದರೂ ಸಸ್ಯದೊಳಗೆ ವಿದ್ಯುತ್ ಸಂಕೇತಗಳು ಸಂಚರಿಸುತ್ತವೆಂಬ ಅವರ ಮುಖ್ಯ ಮಾತು ನಿಂತಿದೆ. ಹುಳುವೊಂದು ಎಲೆಯನ್ನು ಕಚ್ಚಿದ ಕೆಲವೇ ನಿಮಿಷಗಳಲ್ಲಿ ಆ ಸುದ್ದಿ ದೂರದ ಎಲೆಗಳಿಗೆ ತಲುಪುವುದನ್ನು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಣ್ಣಿಗೆ ಕಾಣುವಂತೆ ತೋರಿಸಿತು.

ಬೋಸರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ನಿಧನರಾದರು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರ್ಜಿಯು ಇಂದು ಅದೇ ಗಿರಿಡಿ ಜಿಲ್ಲೆಯಲ್ಲಿದೆ. ಯಾತ್ರಾರ್ಥಿಗಳಾಗಿ ಶಿಖರ್ಜಿಯ ಕಾಡುದಾರಿಯನ್ನು ಏರುವ ಧರ್ಮಬಂಧುಗಳು ಈ ಮಹನೀಯರನ್ನೊಮ್ಮೆ ನೆನೆಯಲಿ. ಹಾದಿಬದಿಯ ಗಿಡದ ಚಿಗುರನ್ನು ನಿಷ್ಕಾರಣವಾಗಿ ಚಿವುಟದೆ ಮುಂದೆ ಸಾಗುವುದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.