ಸರ್ ಚಾರ್ಲ್ಸ್ ಬೆಲ್: ಮುಖದ ನರವನ್ನು ಶೋಧಿಸಿದ ಮಹಾಶಯನು

ಮನಸ್ಸಿನಲ್ಲಿ ಹುಟ್ಟುವ ಸುಖದುಃಖಗಳಿಗೆಲ್ಲಾ ಮುಖವೇ ಕನ್ನಡಿಯಾಗಿದೆ. ಒಬ್ಬ ತಾಯಿಯು ಬೆಳಿಗ್ಗೆ ಎದ್ದು ಮಗುವನ್ನು ನೋಡಿ ನಗಹೋದಾಗ, ಮುಖದ ಒಂದು ಪಕ್ಕವು ಅಲುಗದೆ, ಬಾಯಿ ಸೊಟ್ಟಗಾಗಿ, ಒಂದು ಕಣ್ಣು ಮುಚ್ಚಲಾರದೆ ಹೋದರೆ ಆಕೆಯ ವ್ಯಥೆಯನ್ನು ಏನೆಂದು ಹೇಳೋಣ! ನಮ್ಮ ದೇಶದ ವೈದ್ಯಗ್ರಂಥಗಳಲ್ಲಿ ಇಂಥ ವ್ಯಾಧಿಗೆ ಅರ್ದಿತವಾತವೆಂದು ಹೆಸರು. ಕಾರಣವು ಸ್ಪಷ್ಟವಾಗಿ ಕಾಣದೆ ಹಠಾತ್ತಾಗಿ ಬರುವ ಇದರ ಒಂದು ಬಗೆಯನ್ನು ಇಂದು ಲೋಕದ ವೈದ್ಯರೆಲ್ಲರೂ ಚಾರ್ಲ್ಸ್ ಬೆಲ್ಲನ ಹೆಸರಿನಿಂದಲೇ ಕರೆಯುತ್ತಾರೆ. ಈ ಮಹಾಶಯನ ಚರಿತ್ರೆಯನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅರಿತಿರುವುದು ಯೋಗ್ಯವಾಗಿದೆ.

ಬೆಲ್ಲನು 1774ನೆಯ ಇಸವಿ ನವೆಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ವಿಲಿಯಂ ಬೆಲ್ಲನು ಸಭಾಪಾಲಕನು. ಆತನು 1779ರಲ್ಲಿ ತೀರಿಕೊಂಡನು. ಆಗ ಚಾರ್ಲ್ಸನು ಇನ್ನೂ ಎಳೆಯ ಕೂಸು. ತಾಯಿ ಮಾರ್ಗರೆಟಳು ಅಲ್ಪವಾದ ಆದಾಯದಲ್ಲಿ ಮಕ್ಕಳನ್ನು ಸಾಕಿ, ಈ ಕಿರಿಯ ಮಗನಿಗೆ ತಾನೇ ಪಾಠ ಹೇಳಿದಳು. ಡೇವಿಡ್ ಆಲನ್ ಎಂಬ ಚಿತ್ರಗಾರನಲ್ಲಿ ಆತನು ಚಿತ್ರವಿದ್ಯೆಯನ್ನು ಕಲಿತನು; ಅಣ್ಣನಾದ ಜಾನ್ ಬೆಲ್ಲನಲ್ಲಿ ಶರೀರಶಾಸ್ತ್ರವನ್ನೂ ಶಸ್ತ್ರವೈದ್ಯವನ್ನೂ ಅಭ್ಯಾಸಮಾಡಿದನು. ಹೀಗೆ ಕುಂಚವೂ ಕತ್ತಿಯೂ ಒಂದೇ ಕೈಗೆ ಒಗ್ಗಿದವು.

1804ರಲ್ಲಿ ಆತನು ಲಂಡನ್ನಿಗೆ ಹೋದನು. ಅಲ್ಲಿ ಪರಿಚಿತರು ಕಡಿಮೆ, ಹಣವೂ ಕಡಿಮೆ. ಹಾಗಿದ್ದರೂ ಧೈರ್ಯಗೆಡದೆ, ಭಾವಗಳು ಮುಖದಲ್ಲಿ ತೋರುವ ಬಗೆಯನ್ನು ಚಿತ್ರಗಾರರಿಗೆ ತಿಳಿಸುವ ಒಂದು ಗ್ರಂಥವನ್ನು 1806ರಲ್ಲಿ ಪ್ರಕಟಿಸಿದನು. 1809ರಲ್ಲಿ ಕೊರುನ್ನಾ ಯುದ್ಧದಿಂದ ಮರಳಿದ ಗಾಯಾಳುಗಳಿಗೂ, 1815ರಲ್ಲಿ ವಾಟರ್ಲೂ ಕದನವಾದ ಮೇಲೆ ಬ್ರಸೆಲ್ಸ್ ಪಟ್ಟಣದಲ್ಲಿ ಬಿದ್ದಿದ್ದ ಸೈನಿಕರಿಗೂ ಶುಶ್ರೂಷೆಮಾಡಿದನು. ಅವರ ಗಾಯಗಳನ್ನು ನೋಡಿ ಆತನು ಬರೆದ ಚಿತ್ರಗಳು ಇಂದಿಗೂ ಉಳಿದಿವೆ. 1814ರಿಂದ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದನು.

ಆ ಕಾಲದಲ್ಲಿ ಮುಖದ ನರಗಳ ವಿಷಯವಾಗಿ ವೈದ್ಯರಲ್ಲಿ ದೊಡ್ಡ ಅಜ್ಞಾನವಿತ್ತು. ಮುಖಕ್ಕೆ ಎರಡು ಮುಖ್ಯ ನರಗಳು ಬರುತ್ತವೆ. ತಲೆಯ ನರಗಳಲ್ಲಿ ಐದನೆಯದು ಮುಖಕ್ಕೆ ಸ್ಪರ್ಶವನ್ನೂ ನೋವನ್ನೂ ತಿಳಿಸುತ್ತದೆ. ಏಳನೆಯದು ಕಿವಿಯ ಬಳಿಯ ಎಲುಬಿನೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ಹಾದು, ಕಿವಿಯ ಕೆಳಗೆ ಹೊರಬಿದ್ದು, ಕವಲೊಡೆದು ಹುಬ್ಬು, ರೆಪ್ಪೆ, ಕೆನ್ನೆ, ತುಟಿಗಳನ್ನು ಆಡಿಸುತ್ತದೆ. ಈ ಭೇದವನ್ನರಿಯದ ಕಾರಣ, ಮುಖದಲ್ಲಿ ಘೋರವಾದ ಶೂಲೆಯಿಂದ ನರಳುವವರಿಗೆ ಕೆಲವು ವೈದ್ಯರು ಏಳನೆಯ ನರವನ್ನೇ ಕೊಯ್ದುಬಿಡುತ್ತಿದ್ದರು. ಶೂಲೆಯು ಇದ್ದಂತೆಯೇ ಉಳಿಯಿತು. ಮುಖದ ಚಲನೆಯು ಮಾತ್ರ ಹೋಯಿತು. ಉಪಕಾರಮಾಡಲು ಬಂದ ಕೈಯೇ ಅಪಕಾರಮಾಡಿದ ಹಾಗಾಯಿತು.

1821ರಲ್ಲಿ ಬೆಲ್ಲನು ರಾಯಲ್ ಸೊಸೈಟಿಯ ಮುಂದೆ ಇಟ್ಟ ಪ್ರಬಂಧದಲ್ಲಿ ಈ ಎರಡು ನರಗಳ ಕೆಲಸವು ಬೇರೆ ಬೇರೆಯೆಂದು ತೋರಿಸಿದನು. ಏಳನೆಯ ನರವು ಕೆಟ್ಟವನು ಕಣ್ಣು ಮುಚ್ಚಲು ಯತ್ನಿಸಿದಾಗ ಗುಡ್ಡೆಯು ಮೇಲಕ್ಕೆ ಹೊರಳುವುದನ್ನೂ ಆತನು ವರ್ಣಿಸಿದನು. ಆದರೂ ಸತ್ಯವನ್ನು ಮರೆಮಾಡಬಾರದು. ಈ ವ್ಯಾಧಿಯನ್ನು ಜರ್ಮನಿಯ ಫ್ರೀಡ್ರಿಕ್ ಎಂಬ ವೈದ್ಯನು 1798ರಲ್ಲಿಯೇ ವರ್ಣಿಸಿದ್ದನು. ಏಳನೆಯ ನರವು ಉಸಿರಾಟಕ್ಕೆ ಸಂಬಂಧಿಸಿದ್ದೆಂಬ ಬೆಲ್ಲನ ಊಹೆಯು ನಿಲ್ಲಲಿಲ್ಲ. ಬೆನ್ನುಹುರಿಯಿಂದ ಹೊರಡುವ ನರಗಳ ಮುಂದಿನ ಬೇರು ಚಲನೆಗೆ, ಹಿಂದಿನ ಬೇರು ಸ್ಪರ್ಶಕ್ಕೆ ಎಂಬ ನಿಯಮವನ್ನು 1822ರಲ್ಲಿ ಸ್ಪಷ್ಟವಾಗಿ ಸ್ಥಾಪಿಸಿದವನು ಫ್ರಾನ್ಸಿನ ಮಾಜೆಂಡಿ. ಬೆಲ್ಲನು 1811ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿ ಸ್ನೇಹಿತರಿಗೆ ಹಂಚಿ, ಮುಂದಿನ ಬೇರಿನ ವಿಷಯವನ್ನಷ್ಟೇ ಸೂಚಿಸಿದ್ದನು. ಇಬ್ಬರ ಪಕ್ಷದವರೂ ಕೀರ್ತಿಗಾಗಿ ಬಹುಕಾಲ ಕಲಹವಾಡಿದರು. ಈಗ ಆ ನಿಯಮಕ್ಕೆ ಇಬ್ಬರ ಹೆಸರೂ ಸೇರಿದೆ.

1831ರಲ್ಲಿ ಬೆಲ್ಲನಿಗೆ ಸರ್ ಎಂಬ ಪದವಿ ದೊರೆಯಿತು. ಮನುಷ್ಯನ ಕೈಯ ರಚನೆಯನ್ನು ಕುರಿತ ಆತನ ಪ್ರಸಿದ್ಧ ಗ್ರಂಥವು 1833ರಲ್ಲಿ ಹೊರಬಂದಿತು. 1836ರಲ್ಲಿ ಹುಟ್ಟೂರಿಗೆ ಶಸ್ತ್ರವೈದ್ಯದ ಪ್ರೊಫೆಸರನಾಗಿ ಮರಳಿದನು. 1842ನೆಯ ಏಪ್ರಿಲ್ 28ರಲ್ಲಿ, ಲಂಡನ್ನಿಗೆ ಹೋಗುವ ದಾರಿಯಲ್ಲಿ, ವೂಸ್ಟರಿನ ಸಮೀಪದ ಹ್ಯಾಲೋ ಎಂಬಲ್ಲಿ ದೇಹವನ್ನು ಬಿಟ್ಟನು. ಆತನು ಅಣ್ಣ ಜಾರ್ಜನಿಗೆ ಬರೆದ ಕಾಗದಗಳನ್ನು ಪತ್ನಿ ಮೇರಿಯನ್ನಳು ಆರಿಸಿ 1870ರಲ್ಲಿ ಪ್ರಕಟಿಸಿದಳು. ತಾಯಿಯು ಆರಂಭಿಸಿದ್ದನ್ನು ಪತ್ನಿಯು ಲೋಕಕ್ಕೆ ಉಳಿಸಿಕೊಟ್ಟಳು.

ಬೆಲ್ಲನು ಬಿತ್ತಿದ ಜ್ಞಾನವು ಮುಂದೆ ಫಲಕೊಟ್ಟಿತು. 1895ರಲ್ಲಿ ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸನು ಕೆಟ್ಟ ಮುಖನರವನ್ನು ಹೆಗಲಿಗೆ ಹೋಗುವ ನರಕ್ಕೆ ಜೋಡಿಸಿ ಹೊಲಿದನು. ಇಂಥ ಜೋಡಣೆಯಲ್ಲಿ ಹೆಗಲು ಅಲುಗಿದಾಗ ಮುಖವೂ ಅಲುಗುವ ತೊಡಕಿದ್ದುದರಿಂದ ವೈದ್ಯರು ನಾಲಿಗೆಯ ನರವನ್ನು ಉಪಯೋಗಿಸತೊಡಗಿದರು. 1932ರಲ್ಲಿ ಬ್ಯಾಲೆನ್ಸನೂ ಅಮೇರಿಕದ ಡ್ಯೂಯೆಲ್ಲನೂ ಎಲುಬಿನ ಕಾಲುವೆಯೊಳಗೆ ಬೇರೆ ನರದ ತುಂಡನ್ನು ಕಸಿಮಾಡುವ ವಿಧಾನವನ್ನು ಪ್ರಕಟಿಸಿದರು. 1976ರಲ್ಲಿ ಜಪಾನಿನ ಹರೀ ಎಂಬಾತನೂ ಸಂಗಡಿಗರೂ ತೊಡೆಯ ಸ್ನಾಯುವನ್ನು ಕೆನ್ನೆಗೆ ಇಟ್ಟು, ರಕ್ತನಾಳವನ್ನೂ ನರವನ್ನೂ ಕೂಡಿಸಿ, ನಗೆಯನ್ನು ಮರಳಿ ತಂದ ಸಂಗತಿಯನ್ನು ತಿಳಿಸಿದರು.

ಆದರೆ ಬೆಲ್ಲನ ಹೆಸರಿನ ವ್ಯಾಧಿಯಲ್ಲಿ ಬಹುಮಂದಿಗೆ ಶಸ್ತ್ರದ ಅವಶ್ಯವೇ ಬೀಳುವುದಿಲ್ಲ. ಆತನ ಸ್ವದೇಶದಲ್ಲಿಯೇ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 72 ಗಂಟೆಗಳೊಳಗೆ ಪ್ರೆಡ್ನಿಸೋಲೋನ್ ಎಂಬ ಔಷಧವನ್ನು ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 94 ಮಂದಿಯೂ, ಅದನ್ನು ಪಡೆಯದವರಲ್ಲಿ ಸುಮಾರು 82 ಮಂದಿಯೂ ಒಂಬತ್ತು ತಿಂಗಳಲ್ಲಿ ಪೂರ್ಣವಾಗಿ ಗುಣಹೊಂದಿದರು. ಆದುದರಿಂದ ಬಾಯಿ ಸೊಟ್ಟಗಾದವರನ್ನು ನಾಚಿಕೆಯಿಂದ ಮನೆಯಲ್ಲಿ ಅಡಗಿಸಿಡದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಿದುಳಿನ ಆಘಾತವೋ ಅಲ್ಲವೋ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ವೈದ್ಯರು ಹೇಳಿದ ಪ್ರಕಾರ ಕಾಪಾಡಬೇಕು. ತಂದೆಯಿಲ್ಲದ ಬಾಲಕನೊಬ್ಬನು ಶ್ರದ್ಧೆಯಿಂದ ನೋಡಲು ಕಲಿತ ಕಾರಣ ಇಂದು ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯ ನಗುವನ್ನು ಮರಳಿ ಕಾಣುತ್ತಾರೆ.